ಕಬ್ಬಿನ ಸಕ್ಕರೆ ಮತ್ತು ಮೊದಲ ನಿಮಿಷಗಳ ಲೆಕ್ಕ

ಹಂಗಾಮಿನಾಗ ಬೋರಗಾಂವ ಕಡೆ ಬಂದ್ರೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನೋಡಿರ್ತೀರಿ. ಕಡಿದ ಕಬ್ಬು ಬಿಸಿಲಿಗೆ ನಿಂತ್ರೆ ತೂಕ ಇಳೀತದ, ಇದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಐತಿ. ಕಬ್ಬಿನೊಳಗಿನ ಇನ್ವರ್ಟೇಸ್ ಅನ್ನೋ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೀತದ. ಅವು ಹರಳುಗಟ್ಟಿ ಚೀಲಕ್ಕೆ ಬರೋದಿಲ್ಲ.

ಎಷ್ಟು ವೇಗವಾಗಿ ಒಡೀತದ? 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಇದೇ ಪ್ರಶ್ನೆ ಹಿಡಿದು ಕುಂತರು. ಅವರು ಬಳಸಿದ್ದು ಕಿಣ್ವವಲ್ಲ, ಆಮ್ಲ. ಸಕ್ಕರೆ ನೀರು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಒಡೆದ ಮಿಶ್ರಣ ಎಡಕ್ಕೆ. ಕೋನ ನೋಡಿದರೆ ಸಾಕು, ದ್ರಾವಣ ಮುಟ್ಟಬೇಕಿಲ್ಲ. ಉಳಿದ ಸಕ್ಕರೆ ಎಷ್ಟೋ, ವೇಗವೂ ಅಷ್ಟೇ ಪ್ರಮಾಣದಲ್ಲಿ ಎಂದು ಸಮೀಕರಣ ಬರೆದರು. ಬಹಳ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ!

ಕಿಣ್ವದ ಲೆಕ್ಕ ಇನ್ನೂ ತೊಡಕು. ಹೊತ್ತು ಹೋದಂಗೆ ಸಕ್ಕರೆ ಕಡಿಮೆ ಆಗ್ತದ, ಹುಟ್ಟಿದ ಗ್ಲೂಕೋಸ್, ಫ್ರಕ್ಟೋಸೇ ಕಿಣ್ವಕ್ಕೆ ಅಡ್ಡ ನಿಲ್ತಾವ. ಸಾಲದ್ದಕ್ಕೆ, ಹೊಸದಾಗಿ ಹುಟ್ಟಿದ ಗ್ಲೂಕೋಸಿನ ಕೋನ ಸ್ವಲ್ಪ ಹೊತ್ತು ತಾನೇ ಬದಲಾಗ್ತಾ ಇರ್ತದ. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನರ್ ಮಿಖೇಲಿಸ್ ಮತ್ತು ಕೆನಡಾದ ಮಾಡ್ ಮೆಂಟನ್ ಇದಕ್ಕೆ ದಾರಿ ಕಂಡರು. ಮೆಂಟನ್ ಆಗ ವೈದ್ಯಕೀಯ ಪದವಿ ಪಡೆದು ಎರಡೇ ವರ್ಷ ಆಗಿದ್ದ ಹೆಣ್ಣುಮಗಳು. ಯೀಸ್ಟಿನ ಇನ್ವರ್ಟೇಸ್ ತಗೊಂಡು, ಆಮ್ಲತೆಯನ್ನು ಸ್ಥಿರವಾಗಿಟ್ಟು, ಹೊತ್ತುಹೊತ್ತಿಗೆ ತೆಗೆದ ಮಾದರಿಗೆ ಕ್ಷಾರ ಹಾಕಿದರು. ಅಲ್ಲಿಗೆ ಕ್ರಿಯೆ ನಿಂತಿತು, ಗ್ಲೂಕೋಸಿನ ಕೋನವೂ ಬೇಗ ಸ್ಥಿರವಾಯಿತು. ಆಮೇಲೆ ಲೆಕ್ಕಕ್ಕೆ ಹಿಡಿದದ್ದು ಆರಂಭದ ವೇಗವನ್ನು. ಆಗಿನ್ನೂ ಅಡ್ಡ ಬರುವವರು ಹುಟ್ಟಿರೋದಿಲ್ಲ, ಎಷ್ಟು ಸಕ್ಕರೆ ಹಾಕಿದ್ದೇವೆ ಅನ್ನೋದೂ ಪಕ್ಕಾ ಗೊತ್ತಿರ್ತದ.

ಕಾಲೇಜು ಲ್ಯಾಬ್‌ನಾಗ ಗ್ರಾಫ್ ಬಿಡಿಸಿ, ಸೊನ್ನೆ ನಿಮಿಷದ ಹತ್ತಿರ ಸ್ಪರ್ಶಕ ಎಳೀತೀವಲ್ಲ, ಅದು ಇದೇ. ನನಗಂತೂ ಆಗ ಅದು ಬರೀ ಮಾರ್ಕ್ಸ್ ತರೋ ಗೆರೆ. ಮನೆ ಮುಂದಿನ ಕಬ್ಬಿಗೂ ಅದಕ್ಕೂ ಸಂಬಂಧ ಐತಿ ಅಂತ ಯಾರೂ ಹೇಳಿರಲಿಲ್ಲ.

ಸಕ್ಕರೆ ಕಾರಖಾನೆಯ ಲ್ಯಾಬ್‌ನಾಗ ಇವತ್ತಿಗೂ ರಸದ 'ಪೋಲ್' ನೋಡ್ತಾರ. ಆ ಹೆಸರು ಬಂದದ್ದೇ ಪೋಲಾರಿಮೀಟರಿನಿಂದ, ವಿಲ್ಹೆಲ್ಮಿ ಕಣ್ಣಿಟ್ಟು ನೋಡಿದ ಜಾತಿಯದೇ ಉಪಕರಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಟನ್‌ಗೆ 3,550 ರೂಪಾಯಿ ಎಫ್‌ಆರ್‌ಪಿ ಇಟ್ಟದ್ದು 10.25% ರಿಕವರಿಗೆ. ಸಾಲಿನಾಗ ನಿಂತ ಟ್ರ್ಯಾಕ್ಟರಿನ ಕಬ್ಬಿಗೆ ಸೊನ್ನೆ ನಿಮಿಷ ಶುರುವಾಗಿದ್ದು ಕುಡಗೋಲು ಬಿದ್ದಾಗಲೇ.