ಭೂಗತ ಗಣಿಗಳ ಗಾಳಿಯಲ್ಲಿ ರೇಡಾನ್: ಕಣ್ಣಿಗೆ ಕಾಣದ ಅಪಾಯ

ಕದ್ರಿ (ಮಂಗಳೂರು): ರೇಡಾನ್ ಎಂಬುದು ಬಣ್ಣ, ವಾಸನೆ, ರುಚಿ ಇಲ್ಲದ ವಿಕಿರಣಶೀಲ ಅನಿಲ. ಶಿಲೆಗಳಲ್ಲಿರುವ ಯುರೇನಿಯಂ ಕ್ರಮೇಣ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಯುರೇನಿಯಂನ ಅಲ್ಪ ಅಂಶ ಎಲ್ಲೆಡೆಯ ಕಲ್ಲು-ಮಣ್ಣಿನಲ್ಲಿಯೂ ಇರುವುದರಿಂದ ಕದ್ರಿ ಗುಡ್ಡದ ಮುರಕಲ್ಲಿನಿಂದಲೂ ಈ ಅನಿಲ ಹೊರಬರುತ್ತಿರುತ್ತದೆ. ಬಯಲಿನಲ್ಲಿ ಅದು ಗಾಳಿಯೊಡನೆ ಬೆರೆತು ತೆಳುವಾಗುತ್ತದೆ. ನೆಲದಡಿಯ ಗಣಿಯಲ್ಲಿ ಪರಿಸ್ಥಿತಿ ಬೇರೆ.

ಅಪಾಯ ಹೇಗೆ?

ಒಡೆದ ಬಂಡೆಯ ಬಿರುಕುಗಳಿಂದಲೂ ಗಣಿಯೊಳಗೆ ಒಸರುವ ನೀರಿನಿಂದಲೂ ಹೊರಬರುವ ರೇಡಾನ್, ಗಾಳಿಯಾಡದ ಮೂಲೆಗಳಲ್ಲಿ ಶೇಖರವಾಗುತ್ತದೆ. ಇದರ ಅರ್ಧಾಯುಷ್ಯ ಸುಮಾರು 3.8 ದಿನ. ಅನಿಲಕ್ಕಿಂತ ಹೆಚ್ಚು ಹಾನಿಕರವಾದವು ಅದು ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ-218 ಹಾಗೂ ಪೊಲೋನಿಯಂ-214. ಧೂಳಿನೊಡನೆ ಶ್ವಾಸನಾಳಕ್ಕೆ ಅಂಟಿಕೊಳ್ಳುವ ಇವುಗಳ ಆಲ್ಫಾ ಕಣಗಳು ಜೀವಕೋಶಗಳನ್ನು ಘಾಸಿಗೊಳಿಸುತ್ತವೆ.

ಜರ್ಮನಿಯ ಷ್ನೀಬರ್ಗ್ ಗಣಿಗಳ ಕಾರ್ಮಿಕರನ್ನು ಕಾಡುತ್ತಿದ್ದ ಎದೆಯ ರೋಗವು ಗಡ್ಡೆಯ ರೋಗವೆಂದು ಇಬ್ಬರು ವೈದ್ಯರು 1879ರಲ್ಲಿ ಗುರುತಿಸಿದರು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ರೇಡಾನನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಧೂಮಪಾನಿಗಳಲ್ಲಿ ಅಪಾಯ ಹಲವು ಪಟ್ಟು ಹೆಚ್ಚು.

ಯುರೇನಿಯಂ ಗಣಿಗಷ್ಟೇ ಸೀಮಿತವಲ್ಲ

ಸ್ವೀಡನ್ನಿನ ಕಬ್ಬಿಣ ಗಣಿ ಹಾಗೂ ಚೀನಾದ ಯುನಾನ್ ಪ್ರಾಂತ್ಯದ ತವರ ಗಣಿಗಳ ಕಾರ್ಮಿಕರಲ್ಲಿಯೂ ರೇಡಾನ್‌ನಿಂದ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದುದು ಅಧ್ಯಯನಗಳಿಂದ ದೃಢಪಟ್ಟಿದೆ. ಆದುದರಿಂದ ಭೂಗತ ಗಣಿಗಾರಿಕೆಯ ದೀರ್ಘ ಇತಿಹಾಸವುಳ್ಳ ಕರ್ನಾಟಕಕ್ಕೂ ಈ ವಿಷಯ ಸಂಬಂಧಿಸಿದ್ದಾಗಿದೆ. 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದಿದ್ದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆ ಮುಂದುವರಿದಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವೇ ಪತ್ತೆಯಾಗಿದೆ. ಕರಾವಳಿಯ ಮಟ್ಟಿಗೆ ನೈಸರ್ಗಿಕ ವಿಕಿರಣದ ಅಧ್ಯಯನಕ್ಕೆಂದೇ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ಕೇಂದ್ರವಿದೆ.

ಅಳತೆ ಮತ್ತು ಮಿತಿ

ಗಾಳಿಯಲ್ಲಿನ ರೇಡಾನನ್ನು ಘನ ಮೀಟರಿಗೆ ಇಷ್ಟು ಬೆಕರೆಲ್ ಎಂದು ಅಳೆಯಲಾಗುತ್ತದೆ. ಗಣಿಗಳಲ್ಲಿ ‘ವರ್ಕಿಂಗ್ ಲೆವೆಲ್’ ಎಂಬ ಮಾನವೂ ಬಳಕೆಯಲ್ಲಿದೆ. ಒಂದು ವರ್ಕಿಂಗ್ ಲೆವೆಲ್ ಗಾಳಿಯಲ್ಲಿ 170 ಗಂಟೆ ದುಡಿದರೆ ಅದು ಒಂದು ‘ವರ್ಕಿಂಗ್ ಲೆವೆಲ್ ತಿಂಗಳು’. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣ ಕಾರ್ಮಿಕರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ ವಿಧಿಸಿದೆ.

ಪರಿಹಾರವೇನು?

ಗಾಳಿಯ ಸಂಚಾರವೇ ಮುಖ್ಯ ರಕ್ಷಣೆ. ಬೃಹತ್ ಫ್ಯಾನುಗಳಿಂದ ಹೊಸ ಗಾಳಿ ಹಾಯಿಸುವುದು, ಕೈಬಿಟ್ಟ ಸುರಂಗಗಳನ್ನು ಮುಚ್ಚುವುದು, ನಿಂತ ನೀರನ್ನು ಹೊರಹಾಕುವುದು ಅಗತ್ಯ. ಫ್ಯಾನು ನಿಂತಿದ್ದ ಭಾಗಕ್ಕೆ ಗಾಳಿ ಹಾಯಿಸಿ, ಅಳತೆ ಮಾಡಿದ ಬಳಿಕವೇ ಕಾರ್ಮಿಕರನ್ನು ಇಳಿಸಬೇಕು. ಬಟ್ಟೆಯ ಮುಖಗವಸು ಈ ಅನಿಲವನ್ನು ತಡೆಯದು.

ರೇಡಾನ್‌ನಿಂದಾಗುವ ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳೇ ಬೇಕಾಗಬಹುದು. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ, ಗಣಿಯೇ ಮುಚ್ಚಿರಲೂಬಹುದು. ಹೀಗಾಗಿ ಪ್ರತಿಯೊಬ್ಬರ ವಿಕಿರಣ ದಾಖಲೆಯನ್ನು ಗಣಿ ಮುಚ್ಚಿದ ಮೇಲೂ ಕಾಪಾಡುವುದು ಅತ್ಯಗತ್ಯ. ಗಣಿಯಲ್ಲಿ ದುಡಿದವರು ಧೂಮಪಾನ ತ್ಯಜಿಸಬೇಕು. ಕೆಮ್ಮು ಬಹುದಿನ ಬಿಡದಿದ್ದರೆ ಅಥವಾ ಕಫದಲ್ಲಿ ರಕ್ತ ಕಂಡರೆ ವೈದ್ಯರ ಬಳಿ ಹೋಗಿ, ತಾವು ನೆಲದಡಿಯಲ್ಲಿ ದುಡಿದ ವರ್ಷಗಳನ್ನು ತಪ್ಪದೆ ತಿಳಿಸಬೇಕು.