ಕೇಡಗಾಂವ್ ದಾಟಿದ ಮೇಲೆ

ಪುಣೆಯಿಂದ ಕಲಬುರಗಿ ಗಾಡಿ ಹತ್ತಿದರೆ ಸುಮಾರು ಒಂದು ತಾಸಿಗೆ ಕೇಡಗಾಂವ್ ಬರುತ್ತದೆ. ತವರಿಗೆ ಹೋಗುವಾಗ, ಬರುವಾಗ ಎಷ್ಟು ಸಲ ದಾಟಿದ್ದೇನೋ. ನನ್ನ ಪಾಲಿಗೆ ಅದು ಬರೀ ಒಂದು ಹಳದಿ ಬೋರ್ಡು.

ಹೋದ ವರ್ಷ ಮಗಳು, "ಅವ್ವಾ, ಎಂ.ಎ.ಗೆ ನಾ ಕಲಬುರಗಿಗೆ ಹೋಗ್ತೀನಿ" ಅಂದಳು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ನನಗೆ ಸಿಟ್ಟೇ ಬಂತು. "ನಿನ್ನ ಓದು ಚಂದ ಆಗ್ಲಿ ಅಂತ ನಾವು ಊರು ಬಿಟ್ಟು ಇಲ್ಲಿ ಬಂದೀವಿ. ಪುಣೆದಾಗ ಕಾಲೇಜಿಗೇನು ಬರಗಾಲೇನ?" ಅಂದೆ. ಅವಳು ತಣ್ಣಗೆ, "ಪಂಡಿತಾ ರಮಾಬಾಯಿ ಮಗಳೂ ಅಲ್ಲಿಗೇ ಹೋಗಿದ್ದಳು" ಅಂದಳು. ನನಗದು ಗೊತ್ತಿರಲಿಲ್ಲ. ಆಮೇಲೆ ನಾನೇ ಕೂತು ಓದಿದೆ.

ಕತೆ ಶುರುವಾಗುವುದೂ ಪುಣೆಯಲ್ಲೇ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಓದಲು ಇಲ್ಲಿಗೆ ಬಂದಿದ್ದರು. ಅವರ ಗುರು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣುಮಗಳು ಸಂಸ್ಕೃತ ಓದುವುದನ್ನು ಕಂಡ ಶಾಸ್ತ್ರಿಗಳು ಊರಿಗೆ ಮರಳಿ ತಮ್ಮ ಹೆಂಡತಿಗೂ ಕಲಿಸಹೊರಟರು. ಮನೆಯವರು, ಜಾತಿಯವರು ಬಿಡಬೇಕಲ್ಲ! ಕಡೆಗೆ ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡು ಸೇರಿದರು. 1858ರಲ್ಲಿ ರಮಾ ಹುಟ್ಟಿದ್ದು ಅಲ್ಲಿ. ಕೂಸಿಗೆ ವರ್ಷ ತುಂಬುವ ಮೊದಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮತ್ತೆ ನೆಲೆ ನಿಲ್ಲಲಿಲ್ಲ. ಮಗಳಿಗೆ ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳಿದವಳು ತಾಯಿ. ಗಂಡನಿಂದ ಕಲಿತದ್ದನ್ನು ಆಕೆ ಮಗಳಿಗೆ ದಾಟಿಸಿದಳು.

ಬರಗಾಲದಲ್ಲಿ ತಂದೆ ತಾಯಿ ಹೋದರು. ಕಲ್ಕತ್ತೆಯ ಪಂಡಿತರು ರಮಾಬಾಯಿಗೆ 'ಸರಸ್ವತಿ' ಎಂಬ ಬಿರುದು ಕೊಟ್ಟರು. ಬಂಗಾಳಿ ವಕೀಲನೊಂದಿಗೆ ಮದುವೆಯಾಯಿತು, 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು, ಮರುವರ್ಷವೇ ಗಂಡ ಕಾಲರಾದಿಂದ ತೀರಿಕೊಂಡ. ಕಂಕುಳಲ್ಲಿ ಕೂಸು ಎತ್ತಿಕೊಂಡು 1882ರಲ್ಲಿ ರಮಾಬಾಯಿ ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು. ಮುಂದಿನ ವರ್ಷ ಇಂಗ್ಲೆಂಡಿಗೆ ಹೋದರು, ಅಲ್ಲಿ ಕ್ರೈಸ್ತರಾದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇಂಗ್ಲೆಂಡಿನ ದಿನಗಳ ಕಾಗದಗಳು. ತಾಯಿ ಚೆಲ್ಟನ್‌ಹ್ಯಾಮ್‌ನಲ್ಲಿ, ಮಗು ವಾಂಟೇಜಿನ ಸನ್ಯಾಸಿನಿಯರ ಹತ್ತಿರ. ಮಗುವಿಗೆ ಏನು ಕಲಿಸಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು? ಈ ವಿಷಯಕ್ಕೆ ಸಿಸ್ಟರ್ ಜೆರಾಲ್ಡೀನ್ ಜೊತೆ ರಮಾಬಾಯಿ ಪತ್ರದಲ್ಲೇ ಜಗಳಾಡಿದರು. ತನ್ನ ಮಗಳು ತನ್ನವರ ಹೆಸರು ಕೇಳಿ ನಾಚಿಕೊಳ್ಳುವ ಹಾಗೆ ಬೆಳೆಯಬಾರದು ಎಂಬುದು ಅವರ ಹಟ. ಆದರೂ 1886ರಲ್ಲಿ ಅಮೆರಿಕಕ್ಕೆ ಹೋದಾಗ ಮಗಳನ್ನು ಮತ್ತೆ ಇಂಗ್ಲೆಂಡಿಗೇ ಕಳಿಸಬೇಕಾಯಿತು. ದೊಡ್ಡವರ ಚರಿತ್ರೆಯಲ್ಲಿ ಇದು ಒಂದು ಸಾಲು. ಐದು ವರ್ಷದ ಆ ಹುಡುಗಿಗೆ?

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು, ಮುಂದಿನ ವರ್ಷ ಪುಣೆಗೆ ಬಂತು. ಮತಾಂತರದ ಗದ್ದಲ, ಪ್ಲೇಗು, ಕ್ಷಾಮ ಎಲ್ಲ ಕಂಡು ಕೊನೆಗೆ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ನೆಲೆಯಾಯಿತು. ಬೆಳೆದ ಮನೋರಮಾ ತಾಯಿಯ ಬಲಗೈ ಆದಳು. ಆಗ ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗಾದಲ್ಲಿ 1912ರ ಸುಮಾರಿಗೆ ಶಾಲೆ ತೆರೆದಾಗ ಅದನ್ನು ನಡೆಸಲು ಹೋದವಳು ಅವಳು. ಕನ್ನಡ ನಾಡಿನ ಕಾಡಲ್ಲಿ ಹುಟ್ಟಿದ ತಾಯಿ ಊರೂರು ಅಲೆದಳು. ಇಂಗ್ಲೆಂಡಿನಲ್ಲಿ ಅಕ್ಷರ ಕಲಿತ ಮಗಳು ಕನ್ನಡ ಸೀಮೆಗೆ ಬಂದು ಅಕ್ಷರ ಕಲಿಸಿದಳು. ಮನೋರಮಾ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿಗೇ ಹೋದಳು. ತಾಯಿ ಒಂಬತ್ತು ತಿಂಗಳೂ ಬಾಳಲಿಲ್ಲ. ಆ ತಿಂಗಳುಗಳನ್ನು ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ಮಗಳನ್ನು ಬಿಡಲು ನಾನೇ ಹೋದೆ. ಕೇಡಗಾಂವ್ ಬಂದಾಗ ಎಬ್ಬಿಸಬೇಕೆಂದಿದ್ದೆ. ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು, ಎಬ್ಬಿಸಲಿಲ್ಲ. ದೌಂಡದಲ್ಲಿ ಚಹಾದವನ ಕೂಗಿಗೆ ಎದ್ದು ಕೂತು, "ಅವ್ವಾ, ಅಲ್ಲಿ ನನ್ನ ಕನ್ನಡ ಕೇಳಿ ಮಂದಿ ನಗ್ತಾರೇನ?" ಅಂತ ಕೇಳಿದಳು.

"ಮೊದಲ ನಾಕು ದಿನ ನಗ್ತಾರ" ಅಂದೆ.