ಬೀಗತನದಿಂದ ಬಂದ ಕೋಟೆ

ವಿಜಯಪುರದಿಂದ ತಿಕೋಟಾ ಹಾದಿ ಹಿಡಿದರೆ ಮೊದಲು ಸಿಗುವುದು ತೊರವಿ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ನವರಸಪುರ ಕಟ್ಟಿಸತೊಡಗಿದ್ದು ಇಲ್ಲಿಯೇ. ಆ ಕಾಲದಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್, ವಿಜಯಪುರದ ಅಗಲವಾದ ಬಜಾರು, ಅಲ್ಲಿನ ಜವಳಿ, ಆಭರಣ, ಅತ್ತರಿನ ಅಂಗಡಿಗಳನ್ನು ಕಣ್ತುಂಬ ಕಂಡು ಬರೆದಿದ್ದಾನೆ. ಅಲ್ಲಿಯವರೆಗೆ ತಾನು ನೋಡಿರದ ತಂಬಾಕನ್ನು ಇಲ್ಲಿಂದಲೇ ಅಕ್ಬರನಿಗೆ ಒಯ್ದ. ಬಂದ ಮುಖ್ಯ ಕೆಲಸ ಮಾತ್ರ ಬೇರೆ: ರಾಜಕುಮಾರ ದಾನಿಯಾಲನಿಗೆ ನಿಶ್ಚಯವಾಗಿದ್ದ ಆದಿಲ್‌ಶಾಹಿ ರಾಜಕುಮಾರಿಯನ್ನು ಕರೆದೊಯ್ಯುವುದು. ತಿಕೋಟಾ, ಬಬಲೇಶ್ವರದ ಮಳೆಯಾಶ್ರಿತ ಎರೆಹೊಲಗಳ ಜೋಳವೊಂದರಿಂದ ಅಂಥ ಬಜಾರು ಬೆಳೆಯುವುದಿಲ್ಲ. ಎರಡನೇ ಅಲಿ ಆದಿಲ್‌ಶಾಹಿಯ ಕಾಲದ ಲಾರಿ ನಾಣ್ಯ ನೋಡಿ: ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಮೇಲೆ ಅಕ್ಷರ ಒತ್ತಿದ್ದು. ಪರ್ಶಿಯಾ ಕೊಲ್ಲಿಯ ವರ್ತಕರು ಬಳಸುತ್ತಿದ್ದ ಮಾದರಿಯನ್ನೇ ಆದಿಲ್‌ಶಾಹಿಯೂ ಟಂಕಿಸಿತು. ಈ ರಾಜ್ಯದ ಬಲವೆಂದರೆ ತೋಪು, ಕುದುರೆ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಸಂಧಾನ ಮತ್ತು ವ್ಯಾಪಾರ ಅದನ್ನು ಅದಕ್ಕಿಂತ ಹೆಚ್ಚು ಕಾಲ ಉಳಿಸಿದವು ಎಂಬುದು ನನ್ನ ವಾದ.

ಹಾಗಾದರೆ 1565ರ ರಕ್ಕಸಗಿ-ತಂಗಡಗಿ ಯುದ್ಧ? ಅದನ್ನೇ ತೆಗೆದುಕೊಳ್ಳೋಣ. ಒಂದನೇ ಅಲಿ ಮೊದಲು ವಿಜಯನಗರಕ್ಕೆ ತಾನೇ ಹೋಗಿ, ಮಗನನ್ನು ಕಳೆದುಕೊಂಡಿದ್ದ ರಾಮರಾಯನನ್ನು ಸಂತೈಸಿ, ಆ ಸ್ನೇಹದ ಬಲದಿಂದ ಅಹಮದನಗರವನ್ನು ಹಿಮ್ಮೆಟ್ಟಿಸಿದ. ಆಮೇಲೆ ಅದೇ ಅಹಮದನಗರದೊಂದಿಗೆ ಬೀಗತನ ಬೆಳೆಸಿದ. ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್‌ಬೀಬಿ ಇಲ್ಲಿಗೆ ಸೊಸೆಯಾಗಿ ಬಂದಳು, ಅಲಿಯ ತಂಗಿ ಅಲ್ಲಿಗೆ ಹೋದಳು. ಎರಡೂ ಮನೆತನಗಳು ಎಷ್ಟೋ ವರ್ಷ ಕಾದಾಡಿದ್ದ ಸೊಲ್ಲಾಪುರದ ಕೋಟೆ ಚಾಂದ್‌ಬೀಬಿಯ ಬಳುವಳಿಯಾಗಿ ವಿಜಯಪುರಕ್ಕೆ ದಕ್ಕಿತು. ಯುದ್ಧ ನಡೆದದ್ದು ಈ ಮಾತುಕತೆಯೆಲ್ಲ ಮುಗಿದ ಮೇಲೆ.

ಮದುವೆ, ಬಳುವಳಿಗಳನ್ನು ರಾಜತಾಂತ್ರಿಕತೆ ಎನ್ನಲಾದೀತೇ, ಜಿನೀವಾದಂಥ ಊರಿನ ಸಂಧಾನವೆಲ್ಲಿ, ಅಂತಃಪುರದ ಒಪ್ಪಂದವೆಲ್ಲಿ ಎಂದು ಕೇಳಬಹುದು. ವ್ಯತ್ಯಾಸ ನಿಜ, ದೊಡ್ಡದೂ ಹೌದು. ಹೆಣ್ಣುಮಕ್ಕಳನ್ನು ಒಪ್ಪಂದದ ಸರಕಾಗಿಸಿದ ಪದ್ಧತಿಯನ್ನು ಹೊಗಳುವಂತೆಯೂ ಇಲ್ಲ. ಆದರೆ ಯುರೋಪಿನ ಅರಮನೆಗಳೂ ಆಗ ಇದೇ ದಾರಿಯಲ್ಲಿದ್ದವು. 1864ರ ಒಪ್ಪಂದ, 1920ರ ರಾಷ್ಟ್ರಸಂಘದ ಕಚೇರಿಗಳಿಂದ ಜಿನೀವಾ ಪಡೆದ ಹೆಸರು ಬಹಳ ಈಚಿನದು. ವಿಜಯಪುರಕ್ಕೆ ನಿಜವಾಗಿ ಇಲ್ಲದೆ ಹೋದದ್ದು ಎಲ್ಲರಿಗೂ ಬೇಕಾದ ತಟಸ್ಥತೆ. ನೆರೆಯವರು ಒಬ್ಬರನ್ನೊಬ್ಬರು ತಡೆಹಿಡಿದಿರುವವರೆಗೆ ಅದರ ಮಾತಿಗೆ ಬೆಲೆಯಿತ್ತು. 1565ರಲ್ಲಿ ವಿಜಯನಗರ ಸೋತು ದಕ್ಷಿಣದ ಸಮತೋಲ ಮುರಿಯಿತು. 1632ರಲ್ಲಿ ಪರಾಂಡಾದಿಂದ ಮಲಿಕ್-ಎ-ಮೈದಾನ್ ತೋಪು ಬಂತು. ಅದು ಅಹಮದನಗರದಲ್ಲಿ ಎರಕ ಹೊಯ್ದ ತೋಪು. ಅದು ಇಲ್ಲಿಗೆ ಬರುವ ಹೊತ್ತಿಗೆ ಆ ರಾಜ್ಯವೇ ಕುಸಿಯುತ್ತಿತ್ತು. 1636ರಲ್ಲಿ ಮೊಹಮ್ಮದ್ ಆದಿಲ್‌ಶಾಹಿ ಷಹಜಹಾನನ ಅಧೀನತೆ ಒಪ್ಪಿ, ಅಹಮದನಗರದ ನೆಲದಲ್ಲಿ ಪಾಲು ಪಡೆದ. ನೆಲವೇನೋ ಹಿಗ್ಗಿತು, ಆದರೆ ಮೊಘಲರಿಗೂ ವಿಜಯಪುರಕ್ಕೂ ನಡುವೆ ಇದ್ದ ರಾಜ್ಯ ಇಲ್ಲವಾಯಿತು. ಐವತ್ತು ವರ್ಷಗಳ ನಂತರ, 1686ರಲ್ಲಿ, ಔರಂಗಜೇಬನ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಾಗ ವಿಜಯಪುರದ ಪರವಾಗಿ ಅವನನ್ನು ತಡೆಯಬಲ್ಲ ನೆರೆಯವರಾರೂ ಉಳಿದಿರಲಿಲ್ಲ.